400 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ), ನಡುವೆ ಒಂದು ಇಡೀ ರಾತ್ರಿ: ನಿಮ್ಮ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ (ತುಮಕೂರು): ಸರ್, 200 ಮತ್ತು 300 ಕಿ.ಮೀ. ಬಿಆರ್‌ಎಂ ಮುಗಿದಿವೆ. ಮುಂದಿನದು 400, ಬೆಳಗ್ಗೆ 6ಕ್ಕೆ ಶುರು. ಐದು ಜನ ಒಟ್ಟಿಗೆ ಹೊರಟಿದ್ದೀವಿ. ರಾತ್ರಿಯೆಲ್ಲ ತುಳಿಯೋದು ಎಲ್ಲರಿಗೂ ಹೊಸದು. ಎಷ್ಟು ವೇಗ ಇಟ್ಕೋಬೇಕು, ಎಲ್ಲಿ ಮಲಗಬೇಕು?

ಉತ್ತರ (ರೈಡ್ ಆಯೋಜಕರು): ಮೊದಲು ಗಡಿಯಾರದ ಲೆಕ್ಕ ನೋಡಿ. 400ಕ್ಕೆ 27 ಗಂಟೆ, ಅಂದ್ರೆ ಮರುದಿನ ಬೆಳಗ್ಗೆ 9. ನಡುವಿನ ಕಂಟ್ರೋಲ್‌ಗಳು (ಬಂದಿದ್ದಕ್ಕೆ ಪುರಾವೆ ಪಡೆಯಬೇಕಾದ ಜಾಗಗಳು) ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಮುಚ್ಚುತ್ತವೆ. 200ನೇ ಕಿ.ಮೀ. ಕಂಟ್ರೋಲ್ ಸಂಜೆ 7:20ಕ್ಕೆ, 250ರದ್ದು ರಾತ್ರಿ 10:40ಕ್ಕೆ, 300ರದ್ದು 2 ಗಂಟೆಗೆ. ಚಕ್ರ ಉರುಳುವಾಗ ಸರಾಸರಿ 20 ಇದ್ರೆ ತುಳಿಯೋಕೆ 20 ಗಂಟೆ, ನಿಲ್ಲೋಕೆ 7 ಗಂಟೆ. ಕೇಳೋಕೆ ಧಾರಾಳ ಅನ್ಸುತ್ತೆ. ಆದ್ರೆ ಐದು ಜನರ ಗುಂಪು "ಒಂದು ಟೀ" ಅಂತ ನಿಂತ್ರೆ 35 ನಿಮಿಷಕ್ಕೆ ಕಮ್ಮಿ ಏಳಲ್ಲ. ಒಬ್ಬರು ಬಾಟಲಿ ತುಂಬಿಸಿ ಬರೋ ಹೊತ್ತಿಗೆ ಇನ್ನೊಬ್ಬರು ಶೂ ಬಿಚ್ಚಿರ್ತಾರೆ, ಮೂರನೆಯವರು ಫೋನಲ್ಲಿರ್ತಾರೆ. ಅಂಥ ಹತ್ತು ಟೀ ಆದ್ರೆ ಆರು ಗಂಟೆ ಹೋಯ್ತು. ಹೆಚ್ಚಿನವರು ಟೈಮ್ ಔಟ್ ಆಗೋದು ಹೀಗೇ. ಕಾಲು ಸೋತು ಆಗೋದು ಅಪರೂಪ.

ಹಾಗಾಗಿ ಊಟಕ್ಕೆ ಮೂರು ಸಲ, ತಲಾ 40 ನಿಮಿಷ. ಉಳಿದದ್ದೆಲ್ಲ ಹತ್ತು ನಿಮಿಷ. ಕಂಟ್ರೋಲ್ ತಲುಪಿದ ಕೂಡಲೇ ಆಯೋಜಕರು ಹೇಳಿದ ಪುರಾವೆ (ಕಾರ್ಡಿಗೆ ಮುದ್ರೆ, ಎಟಿಎಂ ಚೀಟಿ ಅಥವಾ ಫೋಟೊ), ಆಮೇಲೆ ನೀರು, ಶೌಚ, ಕೊನೆಗೆ ಕುರ್ಚಿ. ಮೊದಲು ಕೂತ್ರೆ ಆರ್ಡರ್ ಬರೋವರೆಗೂ ಯಾರೂ ಏಳಲ್ಲ. 200ನ್ನು ಸಂಜೆ 5ಕ್ಕೆ, 300ನ್ನು ರಾತ್ರಿ 11:30ಕ್ಕೆ ದಾಟಿದ್ರೆ ಕೈಯಲ್ಲಿ ಎರಡೂವರೆ ಗಂಟೆ ಉಳಿಯುತ್ತೆ. ನಿದ್ದೆ, ಪಂಕ್ಚರ್ ಎರಡೂ ಅದರಲ್ಲೇ ಆಗ್ಬೇಕು.

ನಿದ್ದೆ ಜೋರಾಗಿ ಎಳೆಯೋದು 3ರಿಂದ 5ರ ಒಳಗೆ. ಬೆಳಕಿರೋ, ಜನ ಇರೋ ಪೆಟ್ರೋಲ್ ಬಂಕಲ್ಲಿ ಕೇಳಿಕೊಂಡು ಮಲಗಿ. ಕಾಫಿ ಕುಡಿದು, ಜಾಕೆಟ್ ಹಾಕ್ಕೊಂಡು, 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಮೈಗೆ ಹತ್ತೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. 45 ನಿಮಿಷ ಮಲಗಿದ್ರೆ ಗಾಢ ನಿದ್ದೆ ನಡುವೆ ಎದ್ದು ಇನ್ನೂ ಮಂಕಾಗ್ತೀರಿ.

ಪ್ರಶ್ನೆ (ಮೈಸೂರು): 800 ಲ್ಯೂಮೆನ್ ಲೈಟ್ ಇದೆ. ಒಂದೇ ಸಾಕಲ್ವಾ ಅಣ್ಣ?

ಉತ್ತರ (ಸೈಕಲ್ ಮೆಕ್ಯಾನಿಕ್): 800 ಅನ್ನೋದು ಹೈ ಮೋಡಲ್ಲಿ. ಅದರಲ್ಲಿ ಒಂದೂವರೆ, ಎರಡು ಗಂಟೆಗೆ ಬ್ಯಾಟರಿ ಖಾಲಿ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರೋ ಗಂಟೆಗಳು ಅತಿ ಮಂದ ಮೋಡಿಂದೋ ಬ್ಲಿಂಕ್‌ದೋ ಆಗಿರುತ್ತೆ. ನಿಮಗೆ ಬೇಕಿರೋದು ಸಂಜೆ ಆರೂವರೆಯಿಂದ ಬೆಳಗ್ಗೆ ಆರೂವರೆವರೆಗೆ, 12 ಗಂಟೆ. ಬೀದಿದೀಪ ಇಲ್ಲದ ರಸ್ತೆಯಲ್ಲಿ 20ರ ವೇಗಕ್ಕೆ 300ರಿಂದ 400 ಲ್ಯೂಮೆನ್ ಸಾಕು, ಇಳಿಜಾರಲ್ಲಿ ಮಾತ್ರ ಹೈ. ಮುಂದೆ ಎರಡು, ಹಿಂದೆ ಎರಡು ಇರಲಿ, ಒಂದೊಂದಕ್ಕೂ ಬೇರೆ ಬ್ಯಾಟರಿ. ಪವರ್ ಬ್ಯಾಂಕ್ ನಂಬ್ಕೊಂಡಿದ್ರೆ ಮನೇಲೇ ಪರೀಕ್ಷೆ ಮಾಡಿ: ಕೆಲವು ಲೈಟು ಚಾರ್ಜಿಗೆ ಹಾಕಿದ ಕೂಡಲೇ ಆರಿಹೋಗುತ್ತೆ, ಇನ್ನು ಕೆಲವು ಲೋ ಮೋಡಿಗೆ ಇಳಿಯುತ್ತೆ. ಅದು ಗೊತ್ತಾಗ್ಬೇಕಾದ ಜಾಗ ನಡುರಾತ್ರಿಯ ಹೆದ್ದಾರಿ ಅಲ್ಲ.

ಲೈಟು ಸೈಕಲ್ಲಿಗೇ ಬಿಗಿದಿರ್ಬೇಕು, ಹೆಲ್ಮೆಟ್ ಲೈಟು ಲೆಕ್ಕಕ್ಕಿಲ್ಲ. ಗುಂಪಲ್ಲಿ ಒಬ್ಬರ ಲೈಟಲ್ಲಿ ಇನ್ನೊಬ್ಬರು ಹೋಗೋ ಹಾಗೂ ಇಲ್ಲ. ಪ್ರತಿಫಲಿಸೋ ಜಾಕೆಟ್ ಕಡ್ಡಾಯ. ಅದರ ಮೇಲೆ ಬೆನ್ನುಚೀಲ ಹಾಕಿದ್ರೆ ಜಾಕೆಟ್ ಇದ್ದೂ ಇಲ್ಲ. ಸೀಟಿನ ಕೆಳಗಿನ ದೊಡ್ಡ ಬ್ಯಾಗೂ ಹೀಗೇ, ಹಿಂದಿನ ಲೈಟನ್ನು ಪೂರ್ತಿ ಮುಚ್ಚುತ್ತೆ. ಬ್ಯಾಗ್ ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಕಾಲಿಗೆ ಒಂದು ಜೊತೆ ಪ್ರತಿಫಲಕ ಪಟ್ಟಿ ಕಟ್ಟಿ. ಮೇಲೆ ಕೆಳಗೆ ಆಡೋ ಆ ಎರಡು ಚುಕ್ಕಿ ಕಂಡ ಕೂಡಲೇ ಲಾರಿಯವರಿಗೆ ಇದು ಮನುಷ್ಯ ಅಂತ ಹೊಳೆಯುತ್ತೆ.

ಪ್ರತಿಕ್ರಿಯೆ (ಹಾಸನ): ಬ್ಲಿಂಕ್ ಆದ್ರೆ ಹೆಚ್ಚು ಕಾಣುತ್ತಲ್ವಾ?

ಮೆಕ್ಯಾನಿಕ್: ಹಗಲು ಸರಿ. ರಾತ್ರಿ ಬ್ಲಿಂಕ್ ನೋಡಿ ನೀವೆಷ್ಟು ದೂರ ಇದ್ದೀರಿ ಅಂತ ಹಿಂದಿನವರಿಗೆ ಅಂದಾಜು ಸಿಗಲ್ಲ. ಬೆನ್ನಿಗೇ ಬರ್ತಿರೋ ನಿಮ್ಮ ಗೆಳೆಯನ ಕಣ್ಣಿಗಂತೂ ಶಿಕ್ಷೆ. ಒಂದೇ ಸಮ ಉರಿಯಲಿ.

ಪ್ರಶ್ನೆ (ದಾವಣಗೆರೆ): ಹೆದ್ದಾರಿ ಅಂಚಲ್ಲಿ ಪಂಕ್ಚರ್ ಆಗಿ ಟ್ಯೂಬ್ ಬದಲಾಯಿಸಿದ ಐದೇ ಕಿ.ಮೀ.ಗೆ ಮತ್ತೆ ಪಂಕ್ಚರ್ ಆಗುತ್ತೆ. ಟ್ಯೂಬ್ ಕಳಪೆಯಾ?

ಉತ್ತರ (ಮೆಕ್ಯಾನಿಕ್): ಟ್ಯೂಬಿನ ತಪ್ಪಲ್ಲ. ಲಾರಿಯ ರೇಡಿಯಲ್ ಟಯರ್ ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಅಂಚಿನ ಉದ್ದಕ್ಕೂ ಚೆಲ್ಲುತ್ತವೆ. ಕೂದಲಿನಷ್ಟು ಸಣ್ಣ, ಅರ್ಧ ಸೆಂಟಿಮೀಟರ್ ಉದ್ದ. ಟಯರಿಗೆ ಹೊಕ್ಕಿದ್ದು ಹೊರಗಿಂದ ಕಾಣಲ್ಲ, ಬೆರಳಿಗೂ ಸಿಗಲ್ಲ. ಟಯರ್ ಒಳಗೆ ಹತ್ತಿಯನ್ನೋ ಬಟ್ಟೆ ಗ್ಲೌಸನ್ನೋ ಒಂದು ಸುತ್ತು ಎಳೀರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲೇ ತಂತಿ. ಉಗುರಿಗೆ ಬರಲ್ಲ, ಚಿಮುಟ ಬೇಕು. ಟಯರ್ ಹಾಕುವಾಗಲೆಲ್ಲ ಅದರ ಮೇಲಿನ ಹೆಸರು ವಾಲ್ವ್ ನೇರಕ್ಕೆ ಬರೋ ಹಾಗೆ ಕೂರಿಸೋದು ರೂಢಿ ಮಾಡ್ಕೊಳ್ಳಿ. ಆಗ ಟ್ಯೂಬಿನ ತೂತು ನೋಡಿ ಟಯರಿನ ಜಾಗ ಹೇಳ್ಬಹುದು. ಹೊಸ ಟ್ಯೂಬಿಗೆ ಆಕಾರ ಬರೋಷ್ಟು ಗಾಳಿ ತುಂಬಿ ಒಳಗಿಡಿ. ಕೊನೆಯ ಗೇಣಗಲ ಟಯರನ್ನು ಲಿವರಲ್ಲಿ (ಟಯರ್ ಬಿಚ್ಚೋ ಮೀಟುಗೋಲು) ಮೀಟಬೇಡಿ, ಹೆಬ್ಬೆರಳಲ್ಲೇ ಒತ್ತಿ. ಲಿವರ್ ಕಚ್ಚಿದ್ರೆ ಟ್ಯೂಬಲ್ಲಿ ಅಕ್ಕಪಕ್ಕ ಎರಡು ತೂತು.

ತಲಾ ಎರಡು ಟ್ಯೂಬ್, ಪ್ಯಾಚ್ ಡಬ್ಬಿ, ಲಿವರ್, ಚೈನ್ ಕಟರ್ ಇರೋ ಮಲ್ಟಿಟೂಲ್. ಪಂಪ್ ಗುಂಪಿಗೆ ಎರಡಾದ್ರೂ ಇರಲಿ. ಚೈನಿನ ಜೋಡಣೆ ಕೊಂಡಿ ನಿಮ್ಮ ಗೇರಿನ ಸಂಖ್ಯೆಗೆ ಹೊಂದಬೇಕು: 9 ಸ್ಪೀಡಿಂದು 11ಕ್ಕೆ ಕೂರಲ್ಲ.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, 200 ದಾಟಿದ ಮೇಲೆ ಏನು ತಿಂದ್ರೂ ವಾಕರಿಕೆ. ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡೀತವೆ.

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್): ಓಆರ್‌ಎಸ್ ಹೇಗೆ ಕಲಸ್ತೀರಿ ನೋಡ್ಕೊಳ್ಳಿ. 21 ಗ್ರಾಮಿನ ಪೊಟ್ಟಣ ಒಂದು ಲೀಟರಿಗೆ. ಅದನ್ನೇ ಅರ್ಧ ಲೀಟರ್ ಬಾಟಲಿಗೆ ಸುರಿದ್ರೆ ಹೊಟ್ಟೆ ತಿರುಗುತ್ತೆ. 750 ಮಿ.ಲೀ. ಬಾಟಲಿಗೆ ಮುಕ್ಕಾಲು ಪೊಟ್ಟಣ. ಹಾಗಂತ ದಿನವಿಡೀ ಬರೀ ನೀರೇ ಕುಡಿಯೋದೂ ಅಪಾಯ: ರಕ್ತದ ಸೋಡಿಯಂ ಇಳಿದು ಉಂಗುರ ಬಿಗಿಯಾಗುತ್ತೆ, ತಲೆ ನೋಯುತ್ತೆ, ಮಾತು ತಡವರಿಸುತ್ತೆ. ಹಗಲು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ತಂಪಾದ ರಾತ್ರಿಯಲ್ಲಿ ಅದಕ್ಕಿಂತ ಕಮ್ಮಿ.

ಪಿಷ್ಟ, ಸಕ್ಕರೆ ಸೇರಿ ಗಂಟೆಗೆ 40ರಿಂದ 60 ಗ್ರಾಂ ಒಳಗೆ ಹೋಗ್ಬೇಕು, ಎರಡು ಬಾಳೆಹಣ್ಣಿನಷ್ಟು ಅಂದ್ಕೊಳ್ಳಿ. ಹಗಲೆಲ್ಲ ಸಿಹಿ ತಿಂದಿರೋ ನಾಲಿಗೆಗೆ ರಾತ್ರಿ ಎನರ್ಜಿ ಜೆಲ್, ಚಿಕ್ಕಿ ಬೇಡ ಅನ್ಸೋದು ಸಹಜ. ಮೊಸರನ್ನ, ಇಡ್ಲಿ, ಉಪ್ಪು ಹಾಕಿದ ಮಜ್ಜಿಗೆ ಇಳಿಯುತ್ತೆ. ರಾತ್ರಿ 9ಕ್ಕೆ ಎಣ್ಣೆ ಸುರಿಯೋ ಪರೋಟ, ಗ್ರೇವಿ ತಿಂದ್ರೆ 11ಕ್ಕೆ ಅನುಭವಿಸ್ತೀರಿ.

ಆ ಎರಡು ಬೆರಳಿನ ಜೋಮು ಅಲ್ನಾರ್ ನರ ಅಂಗೈ ಅಂಚಲ್ಲಿ ಅದುಮಿಕೊಂಡಿದ್ದರ ಗುರುತು. ಸೀಟಿನ ಮೂತಿ ಕೆಳಗೆ ಬಾಗಿದ್ರೆ ಮೈಭಾರ ಕೈಗೆ ಬರುತ್ತೆ, ಮಟ್ಟಕ್ಕೆ ತನ್ನಿ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಮಂಡಿ ಮುಂಭಾಗ ನೋಯ್ತಿದ್ರೆ ಸೀಟು ತಗ್ಗಾಗಿದೆಯಾ ನೋಡಿ. ನೋವಿನ ಮಾತ್ರೆ ನುಂಗಿ ಎಳೆಯೋದು ಬೇಡ: ನೀರು ಕಮ್ಮಿಯಾದ ಮೈಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ರೆ ಪೆಟ್ಟು ಬೀಳೋದು ಕಿಡ್ನಿಗೆ.

ಪ್ರಶ್ನೆ (ಮಂಡ್ಯ): ಕತ್ತಲಲ್ಲಿ ಗುಂಪು ಹೇಗೆ ಸಾಗಬೇಕು?

ಉತ್ತರ (ಆಯೋಜಕರು): ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಮೂರು ಮೀಟರ್. ಹಗಲಿನ ಹಾಗೆ ಚಕ್ರಕ್ಕೆ ಚಕ್ರ ತಾಗಿಸ್ಕೊಂಡು ಹೋಗೋಕೆ ಆಗಲ್ಲ. ಕೈಸನ್ನೆ ಕಾಣಲ್ಲ, ಕೂಗಬೇಕು: "ಹಂಪ್", "ಗುಂಡಿ", "ಹಿಂದೆ ಲಾರಿ". ಮುಂದಿನವರು ಕೂಗಿದ್ದನ್ನು ಪ್ರತಿಯೊಬ್ಬರೂ ಹಿಂದಕ್ಕೆ ದಾಟಿಸ್ಬೇಕು. ಎದುರಿಂದ ಹೈ ಬೀಮ್ ಬಂದ್ರೆ ಕಣ್ಣು ಎಡಗಡೆಯ ಬಿಳಿ ಗೆರೆ ಮೇಲೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್ ನಿಷಿದ್ಧ, ಸರ್ವೀಸ್ ರಸ್ತೆಯೇ ಗತಿ.

ನಿಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೇಗಿರುತ್ತೆ ಅಂತ ನಾನು ಹೇಳ್ಬೇಕಾ? ಹಿಂದೆ ದೀಪ ಇರಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತೆ. ನವೆಂಬರ್‌ನಿಂದ ಜನವರಿವರೆಗೆ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆ. ಹುರುಳಿ, ರಾಗಿ ಹರಡಿ ಸುತ್ತ ಕಲ್ಲಿಟ್ಟಿರ್ತಾರೆ. ಸಂಜೆ ಕಾಳು ಬಳ್ಕೊಂಡು ಹೋದ ಮೇಲೂ ಕೆಲವು ಕಲ್ಲು ಅಲ್ಲೇ ಉಳಿದಿರುತ್ತೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡ್ರೆ ತುಳಿದು ಬಿಡಿಸೋಕೆ ಹೋಗ್ಬೇಡಿ, ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸೋ ಸಾಧನವನ್ನು ಫ್ರೇಮಿಗೆ ಹಿಡಿದಿಡೋ ತುಂಡು) ಮುರಿಯುತ್ತೆ. ಇಳಿದು, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಬಿಡಿಸಿ. ನಾಯಿ ಅಟ್ಟಿಸಿಕೊಂಡು ಬಂದ್ರೆ ಗುಂಪು ಚದುರಬಾರದು. ಗಾಬರಿಯಿಂದ ಹ್ಯಾಂಡಲ್ ತಿರುಗಿಸಿ ಪಕ್ಕದವರ ಚಕ್ರಕ್ಕೆ ಬೀಳೋದು ಕಡಿತಕ್ಕಿಂತ ದೊಡ್ಡ ಅಪಾಯ.

ಪ್ರಶ್ನೆ (ಹಾಸನ): ಜೊತೆಯವರಿಗೆ ತೂಕಡಿಕೆ ಬಂದಿದೆ ಅಂತ ಹಿಂದಿನಿಂದ ಗೊತ್ತಾಗುತ್ತಾ ಸರ್?

ಉತ್ತರ (ಆಯೋಜಕರು): ಗೊತ್ತಾಗುತ್ತೆ. ಅವರ ಕೆಂಪು ಲೈಟು ಬಿಳಿ ಗೆರೆಯ ಆಚೆ ಈಚೆ ತೇಲೋಕೆ ಶುರುವಾಗುತ್ತೆ, ಏರು ಬಂದ್ರೂ ಗೇರ್ ಬದಲಾಗಲ್ಲ, ಕೂಗಿದ್ದಕ್ಕೆ ಉತ್ತರ ತಡವಾಗಿ ಬರುತ್ತೆ. "ಇನ್ನೊಂದು ಹತ್ತು ಕಿ.ಮೀ." ಅಂತ ಅವರೇ ಹೇಳ್ತಾರೆ, ಕೇಳಬೇಡಿ. ಬೆಳಕಿರೋ ಮೊದಲ ಜಾಗದಲ್ಲಿ ಇಡೀ ಗುಂಪು ನಿಲ್ಲಲಿ. ಬೆವರು ಆರೋ ಮೊದಲೇ ಅವರಿಗೆ ಜಾಕೆಟ್ ಹಾಕಿಸಿ, 20 ನಿಮಿಷ ಮಲಗಿಸಿ. ಎದ್ದ ಮೇಲೆ ನೂರು ಮೀಟರ್ ನಡೆಸಿ ನೋಡಿ. ಆಗಲೂ ತೂಗಾಡ್ತಿದ್ರೆ ಆಯೋಜಕರಿಗೆ ಫೋನ್ ಮಾಡಿ ಹೆಸರು ಕೈಬಿಡಿಸಿ, ಒಬ್ಬರು ಅವರ ಜೊತೆ ಉಳೀರಿ. ಆ ಒಬ್ಬರು ಯಾರು ಅಂತ ಬೆಳಗ್ಗೆ 6ಕ್ಕೆ ಮೊದಲೇ ಮಾತಾಡ್ಕೊಳ್ಳಿ. ಮುಂಜಾನೆ 4ಕ್ಕೆ ಕೇಳಿದ್ರೆ ಯಾರೂ ಕೈ ಎತ್ತಲ್ಲ.