ಕೋಸಿನ ಹುಳು ಕಣಜಕ್ಕೆ ಹೇಗೆ ಸಿಗುತ್ತೆ?

ಮಾಲೂರು ಕಡೆಯಿಂದ ಪ್ರಶ್ನೆ:
ನಮ್ಮದು ಅರ್ಧ ಎಕರೆ ಎಲೆಕೋಸು. ಎಲೆಯಡಿ ಸಣ್ಣ ಹಸಿರು ಹುಳು ಬಿದ್ದಿದೆ. ಪಕ್ಕದಲ್ಲೇ ಅಕ್ಕಿ ನುಚ್ಚಿನಂಥ ಬಿಳಿ ಗೂಡುಗಳೂ ಇವೆ. ಹುಳು ಕೊಲ್ಲುವ ಕಣಜದ್ದು ಅಂತ ಪಕ್ಕದ ತೋಟದವರು ಹೇಳಿದರು. ಇಷ್ಟೊಂದು ಎಲೆ ನಡುವೆ ಅಷ್ಟು ಚಿಕ್ಕ ಕಣಜಕ್ಕೆ ಹುಳು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ಅದನ್ನ ನಂಬಿ ಔಷಧಿ ಹೊಡೆಯದೆ ಇರಬಹುದಾ? ಅನುಭವ ಇದ್ದವರು ಹೇಳಿ.

ಚಿಕ್ಕಬಳ್ಳಾಪುರದಿಂದ:
ಮೊದಲು ಗೂಡನ್ನ ಸರಿಯಾಗಿ ನೋಡಿ ಅಣ್ಣ. ಬಲೆಯ ಹಾಗೆ ತೆಳ್ಳಗಿದ್ದು ಒಳಗಿನ ಕೋಶ ಕಾಣುತ್ತಿದ್ದರೆ ಅದು ಡೈಮಂಡ್ ಬ್ಯಾಕ್ ಪತಂಗದ್ದು, ಅಂದರೆ ನಿಮ್ಮ ಹುಳುವಿನದೇ. ಒತ್ತಾಗಿ ಬೆಳ್ಳಗಿದ್ದು ಒಳಗೆ ಏನೂ ಕಾಣದಿದ್ದರೆ ಕೊಟೇಶಿಯಾ ಕಣಜದ್ದು. ಅನುಮಾನ ಇದ್ದರೆ ಎಲೆ ಸಮೇತ ಬಾಟಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ನಾನು ಹಾಗೆ ಇಟ್ಟಿದ್ದೆ. ಐದನೇ ದಿನ ಬೆಳಿಗ್ಗೆ ಗೂಡಿನ ತುದಿ ಮುಚ್ಚಳದ ಹಾಗೆ ತೆರೆದಿತ್ತು. ಸಣ್ಣ ಇರುವೆಯಷ್ಟು ಕಪ್ಪು ಕಣಜ ಮೀಸೆ ಆಡಿಸುತ್ತಾ ಬಟ್ಟೆಯ ಕೆಳಗೆ ಓಡಾಡುತ್ತಿತ್ತು. ಅವತ್ತಿನಿಂದ ಪಂಪು ಹೆಗಲಿಗೇರಿಸುವ ಮುಂಚೆ ಎಲೆ ಮಗುಚಿ ನೋಡುತ್ತೇನೆ.

ಹುಡುಕೋದು ವಾಸನೆಯಿಂದ. ಹುಳು ಅಡಗಿರುತ್ತೆ, ಆದರೆ ಗಿಡ ಸುಮ್ನಿರಲ್ಲ. ಎಲೆ ಹರಿದ ಕೂಡಲೇ ಹುಲ್ಲು ಕೊಯ್ದಾಗ ಬರುವಂಥ ಹಸಿ ವಾಸನೆ ಬರುತ್ತೆ. ಅದು ಕತ್ತರಿ ಹಾಕಿದರೂ ಬರುತ್ತೆ. ಹುಳುವಿನ ಎಂಜಲು ತಾಗಿದರೆ ಕತೆ ಬೇರೆ. 1990ರಲ್ಲಿ ಅಮೆರಿಕದಲ್ಲಿ ಟರ್ಲಿಂಗ್ಸ್, ಟಮ್ಲಿನ್‌ಸನ್, ಲೂಯಿಸ್ ಅನ್ನೋ ವಿಜ್ಞಾನಿಗಳು ಮೆಕ್ಕೆಜೋಳದ ಸಸಿಗಳಲ್ಲಿ ಇದನ್ನ ತೋರಿಸಿದರು. ಗಾಯಕ್ಕೆ ಹುಳುವಿನ ಎಂಜಲು ಸವರಿದ ಸಸಿ ಕೆಲವು ಗಂಟೆ ಆದ ಮೇಲೆ ಬೇರೆಯದೇ ವಾಸನೆ ಬಿಟ್ಟಿತು. ಕಣಜಗಳು ಆ ವಾಸನೆಯ ಜಾಡು ಹಿಡಿದು ಬಂದವು. ಹತ್ತಿರ ಬಂದ ಮೇಲೆ ಹುಳುವಿನ ಹಿಕ್ಕೆ, ನೂಲು ಇವೇ ಗುರುತು. ಕೋಸಿನ ಹುಳು ಹೆದರಿ ನೂಲು ಬಿಟ್ಟು ಜೋತುಬಿದ್ದರೂ ಕೊಟೇಶಿಯಾ ಬಿಡಲ್ಲ, ನೂಲು ಹಿಡಿದು ನೆಲದವರೆಗೂ ಬೆನ್ನಟ್ಟುತ್ತೆ. ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿನಿಂದ ತಿಂದು ಹೊರಬಂದು ಗೂಡು ಕಟ್ಟುತ್ತೆ.

ಕಣಜವೊಂದನ್ನೇ ನಂಬಿ ಕೂರಬೇಡಿ. ಹುಳು ಜಾಸ್ತಿಯಾದರೆ ಬಿಟಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಅಥವಾ ಬೇವಿನ ಬೀಜದ ಕಷಾಯ ಹೊಡೆಯಿರಿ. ಎಲ್ಲಾ ಹುಳು ಕೊಲ್ಲುವ ಔಷಧಿ ಬೇಡ. ಕಣಜ ಸಾಯುತ್ತೆ, ಈ ಹುಳುವಿಗೆ ಎಷ್ಟೋ ಔಷಧಿ ತಟ್ಟೋದೇ ಇಲ್ಲ. ಮುಂದಿನ ಸಲ 25 ಸಾಲು ಕೋಸಿಗೆ 2 ಸಾಲು ಸಾಸಿವೆ ಹಾಕಿ. ಪತಂಗ ಸಾಸಿವೆಗೇ ಹೋಗಿ ಮೊಟ್ಟೆ ಇಡುತ್ತೆ. ಇದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಉಪಾಯ.

ವಿಜಯಪುರದಿಂದ:
ಕಣಜಕ್ಕೆ ಎಲ್ಲಾ ಗಿಡವೂ ಒಂದೇ ಅಲ್ಲ. ನಾನು ಕಡಲೆಗೆ ಟ್ರೈಕೋಗ್ರಾಮಾ ಕಾರ್ಡ್ (ಪತಂಗದ ಮೊಟ್ಟೆಯೊಳಗೆ ಬೆಳೆಯುವ ಪುಟ್ಟ ಕಣಜ ಇರುವ ರಟ್ಟು) ಕಟ್ಟಿದೆ, ಏನೂ ಆಗಲಿಲ್ಲ. ಮುಂಜಾನೆ ಬಟ್ಟೆ ಹಾಸಿ ಕಡಲೆ ಹುಳಿ ಹಿಂಡುತ್ತೇವಲ್ಲ, ಎಲೆ ಮೇಲಿನ ಆ ಹುಳಿಯೇ ಮೊಟ್ಟೆ ಹುಡುಕುವ ಆ ಪುಟ್ಟ ಕಣಜಕ್ಕೆ ಅಡ್ಡಿ. ಅದೇ ಹೊಲದಲ್ಲಿ ಕ್ಯಾಂಪೊಲೆಟಿಸ್ ಅನ್ನೋ ಇನ್ನೊಂದು ಕಣಜ ತಾನಾಗಿ ಬಂದು ಎಳೆಯ ಕಾಯಿಕೊರಕ ಹುಳುಗಳನ್ನ ಹಿಡಿಯಿತು. ನಡುವೆ ಕೊತ್ತಂಬರಿ ಸಾಲು ಹಾಕಿದ ವರ್ಷ ಅದರ ಗೂಡು ಜಾಸ್ತಿ ಕಂಡವು. ಬೆಳೆದ ಕಣಜದ ಹೊಟ್ಟೆಗೆ ಹೂವಿನ ಮಕರಂದ ಬೇಕಲ್ವಾ.

ಮಾಲೂರು ಕಡೆಯಿಂದ ಮತ್ತೆ:
ಈಗಷ್ಟೇ ತೋಟಕ್ಕೆ ಹೋಗಿ ಬಂದೆ. ಹತ್ತು ಗೂಡಲ್ಲಿ ಆರು ಒತ್ತಾಗಿವೆ, ನಾಲ್ಕು ಬಲೆ ಥರ. ಎರಡನ್ನ ಬಾಟಲಿಗೆ ಹಾಕಿದ್ದೇನೆ. ನಾಳೆ ಹೊಡೆಯಬೇಕು ಅಂತ ತಂದಿಟ್ಟ ಔಷಧಿಯ ಮುಚ್ಚಳ ತೆಗೆದಿಲ್ಲ.