ಸಹಾಯ ಬೇಕು: ಮ್ಯಾಗ್ನಮ್ ರೈಫಲ್ ತೋಟಾದ ಕೇಸ್‌ಗಳು (ಖೋಲುಗಳು) ಬೇಗ ಹಾಳಾಗುತ್ತಿವೆ

ನಮಸ್ಕಾರ ಗೆಳೆಯರೇ. ಕೊಲರಾಡೋದಲ್ಲಿದ್ದೇನೆ, ಎಲ್ಕ್ (ದೊಡ್ಡ ಜಿಂಕೆ) ಬೇಟೆಗೆ ತಯಾರಿ ನಡೆದಿದೆ. ನನ್ನ ರೈಫಲ್ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, ಗೆಳೆಯನದು .300 ವಿನ್‌ಚೆಸ್ಟರ್ ಮ್ಯಾಗ್ನಮ್. ಎರಡಕ್ಕೂ 24 ಇಂಚಿನ ಬ್ಯಾರೆಲ್. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನನ್ನ 160 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,880 ಅಡಿ, ಅವನ 180 ಗ್ರೇನ್ 2,910. ವೇಗ ಹೆಚ್ಚುಕಡಿಮೆ ಒಂದೇ, ಅವನದು ಭುಜಕ್ಕೆ ಒದೆಯುವುದು ಮಾತ್ರ ಜಾಸ್ತಿ. ನನಗೆ ನನ್ನದೇ ಸಾಕು.

ಚಿಂತೆ ಬೇರೆ. ಮನೆಯಲ್ಲಿ ಮದ್ದು ತುಂಬಿದ ಹಿತ್ತಾಳೆ ಕೇಸ್‌ಗಳಲ್ಲಿ ಮೂರನೇ ಸಲಕ್ಕೇ ಬೆಲ್ಟ್‌ನ (ಬುಡದ ಸುತ್ತಲಿನ ಉಬ್ಬುಪಟ್ಟಿ) ಸ್ವಲ್ಪ ಮೇಲೆ ಹೊಳೆಯುವ ಗೆರೆ ಬರುತ್ತಿದೆ. ಬಾಗಿಸಿದ ತಂತಿಯಿಂದ ಒಳಗೆ ತಡವಿದರೆ ಸಣ್ಣ ಹಳ್ಳ ಸಿಗುತ್ತದೆ. ಅವನ್ನೆಲ್ಲ ಎಸೆದೆ, ಅಲ್ಲೇ ತುಂಡಾದರೆ ಅಪಾಯ ಅಲ್ವಾ.

ಬೆಲ್ಟ್ ಬಿಟ್ಟು, ಕೇಸಿನ ಭುಜದ (ಕತ್ತಿನ ಕೆಳಗಿನ ಇಳಿಜಾರು) ಮೇಲೆ ಹೆಡ್‌ಸ್ಪೇಸ್ ಬರುವಂತೆ, ಅಂದರೆ ಕೇಸ್ ರೈಫಲ್ ಒಳಗೆ ಅಲ್ಲಿ ತಾಗಿ ನಿಲ್ಲುವಂತೆ, ಡೈ (ಕೇಸನ್ನು ಮತ್ತೆ ಅಳತೆಗೆ ಒತ್ತುವ ಅಚ್ಚು) ಹೊಂದಿಸಬೇಕು ಅಂತಿದ್ದೇನೆ. ಮಾಡಿದವರು ದಯವಿಟ್ಟು ಹೇಳಿ: ಭುಜವನ್ನು ಎಷ್ಟು ಹಿಂದಕ್ಕೆ ತಳ್ಳುತ್ತೀರಿ? ರೈಫಲ್‌ನ ಬೋಲ್ಟ್ ಸಲೀಸಾಗಿ ಮುಚ್ಚುತ್ತದಾ?