ಸರ್ವಿಸ್ ಮ್ಯಾನ್ಯುವಲ್ ದುಡ್ಡು ಕೊಟ್ಟು ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ:
ನನ್ನದು ಚಿಕ್ಕ ಸ್ಟುಡಿಯೊ. 2012ರಲ್ಲಿ ಕೊಂಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಈಗ ಶಟರ್ ಎರರ್ ತೋರಿಸುತ್ತಿದೆ. ಸರ್ವಿಸ್ ಸೆಂಟರ್‌ನವರು "ಹಳೇ ಮಾಡೆಲ್, ಸ್ಪೇರ್ ಬರೋದಿಲ್ಲ, ಹೊಸದು ತಗೊಳ್ಳಿ" ಎಂದರು. ಊರಿನ ರಿಪೇರಿಯವರು ಬಿಚ್ಚಲು ತಯಾರಿದ್ದಾರೆ, ಆದರೆ ಸರ್ವಿಸ್ ಮ್ಯಾನ್ಯುವಲ್ (ಬಿಚ್ಚಿ ಜೋಡಿಸುವ ವಿವರ ಇರುವ ಕಂಪನಿಯ ಕೈಪಿಡಿ) ಬೇಕಂತೆ. ಆನ್‌ಲೈನಿನಲ್ಲಿ ಒಬ್ಬರು ಮ್ಯಾನ್ಯುವಲ್, ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಫೈಲ್ ಎರಡೂ ಸೇರಿ 1,500 ರೂಪಾಯಿ ಎನ್ನುತ್ತಿದ್ದಾರೆ. ತಗೊಳ್ಳಬಹುದಾ? ಇದನ್ನೆಲ್ಲ ಕಂಪನಿಯವರೇ ಎಲ್ಲರಿಗೂ ಸಿಗುವ ಹಾಗೆ ಇಡಬೇಕಲ್ವಾ?

ಕ್ಯಾಮೆರಾ ರಿಪೇರಿಯವರು, ಬೆಂಗಳೂರು:
ಇಡಬೇಕು ಸರ್. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮ್ಯಾನ್ಯುವಲ್ ಇಲ್ಲದ ಕ್ಯಾಮೆರಾ ಬಂದರೆ ಒಂದು ಬಿಳಿ ಹಾಳೆಯ ಮೇಲೆ ಬಾಡಿಯ ಚಿತ್ರ ಬರೆಯುತ್ತೇನೆ. ಅದರ ಮೇಲೆ ಡಬಲ್ ಟೇಪ್ ಅಂಟಿಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದದೇ ಜಾಗದಲ್ಲಿ ಕೂರಿಸುತ್ತೇನೆ. ನೋಡಲು ಎಲ್ಲ ಒಂದೇ ಥರ. ಆದರೆ ಒಂದು ಮಿಲಿಮೀಟರ್ ಉದ್ದ ಇರೋದು ತಪ್ಪು ತೂತಿಗೆ ಹೋಯಿತು ಅಂದರೆ ಹಿಂದಿರುವ ತೆಳ್ಳನೆಯ ಫ್ಲೆಕ್ಸ್ ಕೇಬಲ್ ಹರಿಯುತ್ತದೆ. ಹಾಗೆ ಒಬ್ಬ ಕಾಲೇಜು ಹುಡುಗನ ಕ್ಯಾಮೆರಾ ನನ್ನ ಕೈಯಲ್ಲೇ ಕೆಟ್ಟಿತು. ದುಡ್ಡು ಕೊಟ್ಟೆ, ಆದರೂ ಮನಸ್ಸಿಗೆ ಇನ್ನೂ ಚುಚ್ಚುತ್ತದೆ. ಮ್ಯಾನ್ಯುವಲ್ ಇದ್ದಿದ್ದರೆ ಯಾವ ತೂತಿಗೆ ಯಾವ ಸ್ಕ್ರೂ ಎಂದು ಅದರಲ್ಲೇ ಇರುತ್ತಿತ್ತು.

ಬಿಚ್ಚೋದು ಅಪಾಯ, ಅದಕ್ಕೇ ಮ್ಯಾನ್ಯುವಲ್ ಕೊಡೋದಿಲ್ಲ ಅನ್ನುತ್ತಾರೆ ಕಂಪನಿಯವರು. ಅಪಾಯ ಇರೋದು ನಿಜ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಷ್‌ಗೆ ಕರೆಂಟ್ ಕೂಡಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಉಳಿದಿರಬಹುದು. ಅದು ಎಲ್ಲಿದೆ, ಹೇಗೆ ಖಾಲಿ ಮಾಡಬೇಕು ಅನ್ನೋದನ್ನು ಬಿಚ್ಚುವವನಿಗೆ ಹೇಳಿದರೆ ತಾನೇ ಅಪಾಯ ತಪ್ಪೋದು?

ನಿಮ್ಮ ವಿಷಯಕ್ಕೆ ಬಂದರೆ, ಮ್ಯಾನ್ಯುವಲ್ ಸಿಕ್ಕರೂ ಅರ್ಧ ಕೆಲಸ ಅಷ್ಟೇ. ಶಟರ್ ಬದಲಿಸಿದ ಮೇಲೆ ಅದನ್ನು ಹೊಂದಿಸುವ ಸಾಫ್ಟ್‌ವೇರ್ ಬೇಕಾಗಬಹುದು, ಅದು ಹೊರಗಿನವರಿಗೆ ಸುಲಭಕ್ಕೆ ಸಿಗೋದಿಲ್ಲ. ಮೊದಲು ಲೆನ್ಸ್ ತೆಗೆದು ಎರರ್ ಬರುತ್ತದಾ ನೋಡಿ. ಆಗಲೂ ಬಂದರೆ ಅದೇ ಮಾಡೆಲ್‌ನ ಕೆಟ್ಟ ಬಾಡಿ ಹುಡುಕಿ, ಅದರ ಶಟರ್ ತೆಗೆದು ಹಾಕಬಹುದು. ನನ್ನ ಹತ್ತಿರವೂ ಒಂದೆರಡು ಇವೆ.

ಮದುವೆ ವಿಡಿಯೊ ಮಾಡುವವನು, ಹಾಸನ:
ಆ ಫರ್ಮ್‌ವೇರ್ ಫೈಲ್ ಮಾತ್ರ ಬೇಡ ಅಣ್ಣಾ. ಎಲ್ಲಿಂದ ಬಂದದ್ದೋ ಗೊತ್ತಿಲ್ಲದ ಫೈಲ್ ಹಾಕಿ ಕ್ಯಾಮೆರಾ ಪೂರ್ತಿ ಸತ್ತುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಪನಿಯ ಸ್ವಂತ ಸೈಟಿನಲ್ಲಿ ಇದ್ದರೆ ಮಾತ್ರ ಹಾಕಿ.

ಹಾಗಂತ ಹೊರಗಿನವರ ಕೆಲಸವೆಲ್ಲ ಕೆಟ್ಟದ್ದಲ್ಲ. ನನ್ನ ಹಳೇ ಕ್ಯಾಮೆರಾದಲ್ಲಿ ಆಡಿಯೊ ಲೆವೆಲ್ ಆಟೊ ಮಾತ್ರ. ಗಟ್ಟಿಮೇಳ ಶುರುವಾದ ಕೂಡಲೇ ದನಿಯನ್ನು ತಾನೇ ಇಳಿಸುತ್ತಿತ್ತು. ವಾಲಗ ನಿಂತರೆ ಪುರೋಹಿತರ ಮಂತ್ರಕ್ಕಿಂತ ಮೊದಲು ಫ್ಯಾನಿನ ಸದ್ದು ಮೇಲೆ ಬರುತ್ತಿತ್ತು. ಆಗ ಸಿಕ್ಕಿದ್ದು ಮ್ಯಾಜಿಕ್ ಲ್ಯಾಂಟರ್ನ್. 2009ರಲ್ಲಿ ಕ್ಯಾನನ್ 5ಡಿ ಮಾರ್ಕ್ 2ಕ್ಕಾಗಿ ಶುರುವಾದ ಉಚಿತ ಸಾಫ್ಟ್‌ವೇರ್ ಅದು. ಕಂಪನಿ ಕೋಡ್ ಕೊಟ್ಟಿರಲಿಲ್ಲ, ಆಸಕ್ತರೇ ಒಳಗಿನದನ್ನು ಅಗೆದು ತಿಳಿದು ಬರೆದರು. ಮೆಮೊರಿ ಕಾರ್ಡಿನಿಂದ ಓಡುತ್ತದೆ. ಆಡಿಯೊ ಮೀಟರ್ ಬಂತು, ಲೆವೆಲ್ ಕೈಯಲ್ಲೇ ಹೊಂದಿಸಲು ಬಂತು. ಅದೇ ಕ್ಯಾಮೆರಾದಲ್ಲಿ ಇನ್ನೂ ಮೂರು ವರ್ಷ ದುಡಿದೆ. ಆ ವಿವರಗಳನ್ನು ಮೊದಲೇ ಹಂಚಿದ್ದರೆ ಅಷ್ಟು ಜನ ಅಷ್ಟು ವರ್ಷ ಒದ್ದಾಡಬೇಕಿರಲಿಲ್ಲ.

ಸಾಫ್ಟ್‌ವೇರ್ ಎಂಜಿನಿಯರ್, ಸ್ಯಾನ್ ಹೊಸೆ:
ಫರ್ಮ್‌ವೇರಿನ ಸೋರ್ಸ್ ಕೋಡ್ ಪೂರ್ತಿ ಕೊಡಿ ಎಂದು ನಾನು ಕೇಳುವುದಿಲ್ಲ. ಅದರಲ್ಲಿ ಬೇರೆ ಕಂಪನಿಗಳಿಂದ ಲೈಸೆನ್ಸ್ ಪಡೆದ ಭಾಗ ಇದ್ದರೆ ಅದನ್ನು ಹಂಚುವ ಹಕ್ಕು ಇವರಿಗೂ ಇರುವುದಿಲ್ಲ. ಆದರೆ ಸರ್ವಿಸ್ ಮ್ಯಾನ್ಯುವಲ್, ಹೊಂದಿಸುವ ಸಾಫ್ಟ್‌ವೇರ್, ರಾ ಫೈಲಿನ (ಸೆನ್ಸರ್ ಹಿಡಿದದ್ದು ಹಾಗೇ ಇರುವ ಚಿತ್ರದ ಫೈಲ್) ವಿವರ, ಇವನ್ನು ಮುಚ್ಚಿಡುವುದು ಸರಿಯಲ್ಲ. ಅಡೋಬಿ 2004ರಲ್ಲೇ ಡಿಎನ್‌ಜಿ ಎಂಬ ರಾ ಫಾರ್ಮ್ಯಾಟಿನ ವಿವರವನ್ನು ಎಲ್ಲರಿಗೂ ತೆರೆದಿಟ್ಟಿತು. ಲೈಕಾ, ಪೆಂಟಾಕ್ಸ್ ಅದನ್ನು ಕ್ಯಾಮೆರಾದೊಳಗೇ ಕೊಟ್ಟವು.

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ರಿಪೇರಿ ಹಕ್ಕಿನ ಕಾನೂನು ಜಾರಿಯಲ್ಲಿದೆ. 100 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಎಲೆಕ್ಟ್ರಾನಿಕ್ ವಸ್ತುಗಳಿಗೆ, ತಯಾರಿಕೆ ನಿಂತ ಮೇಲೂ 7 ವರ್ಷ ಮ್ಯಾನ್ಯುವಲ್, ಬಿಡಿಭಾಗ, ಟೂಲ್ ಸಿಗಬೇಕು. 2021ರ ಜುಲೈಯಿಂದ ಈಚೆಗೆ ಮಾರುಕಟ್ಟೆಗೆ ಬಂದವುಗಳಿಗೆ ಮಾತ್ರ, ನಿಮ್ಮದರಂಥ ಹಳೆಯದಕ್ಕೆ ಅನ್ವಯಿಸುವುದಿಲ್ಲ. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲೆಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ, ಆದರೆ ಅದು ಕಾನೂನಿಗೆ ಸಮ ಅಲ್ಲ. ಕಂಪನಿಗೆ ಒಂದು ಮೇಲ್ ಹಾಕಿ, ಸ್ಪೇರ್ ಇಲ್ಲ ಅನ್ನೋದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಕೇಳಿದವರು, ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಲೆನ್ಸ್ ತೆಗೆದು ನೋಡಿದೆ, ಎರರ್ ಹಾಗೇ ಇದೆ. ಫೈಲ್ ಮಾರುವವರಿಗೆ ಬೇಡ ಎಂದೆ. ಕಂಪನಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದರೆ ಇಲ್ಲೇ ತಿಳಿಸುತ್ತೇನೆ. ಬೆಂಗಳೂರಿನ ಸರ್, ಶನಿವಾರ ಬೆಳಗಿನ ಟ್ರೈನಿಗೆ ಕ್ಯಾಮೆರಾ ತರುತ್ತೇನೆ. ನಮ್ಮೂರ ರಿಪೇರಿಯವರನ್ನೂ ಕರೆದುಕೊಂಡು ಬರಲಾ? ನೀವು ಬಿಚ್ಚುವಾಗ ಪಕ್ಕದಲ್ಲಿ ಕೂತು ನೋಡಬೇಕಂತೆ.

ಕ್ಯಾಮೆರಾ ರಿಪೇರಿಯವರು, ಬೆಂಗಳೂರು:
ಖಂಡಿತ ಕರೆತನ್ನಿ. ಅವರಿಗೂ ಒಂದು ಬಿಳಿ ಹಾಳೆ ಇಟ್ಟಿರುತ್ತೇನೆ.